ಪುಲಿಗೆರೆಯ ನಾಡು ಮತ್ತು ಸೃಜನಶಕ್ತಿ: ಅದರ ಅರ್ಥ ಹಾಗೂ ಮಕ್ಕಳಲ್ಲಿ ಅದರ ಪೋಷಣೆ

ಪ್ರಸ್ತಾವನೆ

ಶಿಕ್ಷಣವನ್ನು ಕುರಿತ ಇಂದಿನ ಚರ್ಚೆಗಳಲ್ಲಿ ‘ಸೃಜನಶೀಲತೆ’ ಎಂಬ ಶಬ್ದವು ಮೇಲಿಂದ ಮೇಲೆ ಕೇಳಿಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಅದಕ್ಕೆ ಸ್ಥಾನವಿದೆ. ಆದರೆ ಶಬ್ದವು ಬಳಕೆಗೆ ಬಂದಷ್ಟು ಅದರ ಅರ್ಥವು ಸ್ಪಷ್ಟವಾಗಿಲ್ಲ. ಕೆಲವರು ಅದನ್ನು ಚಿತ್ರ, ಸಂಗೀತ, ಕಾವ್ಯಗಳಿಗೆ ಮಾತ್ರ ಮೀಸಲೆಂದು ತಿಳಿಯುತ್ತಾರೆ. ಕೆಲವರು ಅದು ಹುಟ್ಟಿನಿಂದಲೇ ಬರುವ ವರವೆಂದೂ, ಆದುದರಿಂದ ಶಿಕ್ಷಕನು ಅದರ ವಿಷಯದಲ್ಲಿ ಮಾಡತಕ್ಕದ್ದೇನೂ ಇಲ್ಲವೆಂದೂ ಭಾವಿಸುತ್ತಾರೆ. ಮತ್ತೆ ಕೆಲವರು ಅದು ಪಾಶ್ಚಾತ್ಯ ಮನಶ್ಶಾಸ್ತ್ರವು ನಮಗೆ ತಂದುಕೊಟ್ಟ ಹೊಸ ಸರಕೆಂದು ಎಣಿಸುತ್ತಾರೆ. ಈ ಮೂರು ಅಭಿಪ್ರಾಯಗಳೂ ಸೂಕ್ಷ್ಮವಿಚಾರಕ್ಕೆ ನಿಲ್ಲತಕ್ಕವಲ್ಲ ಎಂಬುದನ್ನು ಇತಿಹಾಸದ ಆಧಾರದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ವಿವೇಚನೆಗೆ ನಾವು ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರವನ್ನೂ ಅದರ ಸುತ್ತಣ ನಾಡನ್ನೂ ಕ್ಷೇತ್ರವಾಗಿ ಆರಿಸಿಕೊಂಡಿದ್ದೇವೆ. ಪುಲಿಗೆರೆ, ಪುರಿಗೆರೆ, ಪುರಿಕರನಗರ ಮುಂತಾದ ಹೆಸರುಗಳಿಂದ ಶಾಸನಗಳಲ್ಲಿ ಪ್ರಸಿದ್ಧವಾದ ಈ ಊರು ಪುಲಿಗೆರೆ ಮುನ್ನೂರರ ಮುಖ್ಯಪಟ್ಟಣವಾಗಿತ್ತು. ನೆರೆಯ ಬೆಳ್ವೊಲ ಮುನ್ನೂರರೊಡನೆ ಸೇರಿ ‘ಎರಡರುನೂರು’ ಎನಿಸಿಕೊಂಡಿತ್ತು. ಬ್ರಿಟಿಷರ ಕಾಲದಲ್ಲಿ ಮೀರಜ ಸಂಸ್ಥಾನಕ್ಕೆ ಸೇರಿದ್ದ ಈ ಊರು ಇಂದು ತಾಲ್ಲೂಕು ಕೇಂದ್ರವಾಗಿದೆ. ನಮ್ಮ ಆಯ್ಕೆಗೆ ಸ್ಥಳಾಭಿಮಾನವೊಂದೇ ಕಾರಣವಲ್ಲ. ಜನಸಾಮಾನ್ಯರ ಹಾಗೂ ಮಕ್ಕಳ ನುಡಿಶಕ್ತಿಯನ್ನು ಕುರಿತು ಕನ್ನಡದಲ್ಲಿ ದೊರೆಯುವ ಅತಿಪ್ರಾಚೀನ ಹೇಳಿಕೆಯು ಈ ಊರನ್ನು ಹೆಸರಿಸುವ ಗ್ರಂಥದಲ್ಲಿಯೇ ಇದೆಯೆಂಬುದು ಮುಖ್ಯವಾದ ಕಾರಣ.

1. ಶಬ್ದ ಮತ್ತು ಅರ್ಥ

‘ಸೃಜನಶೀಲತೆ’ಯೆಂಬುದು ಈಚಿನ ಕಾಲದ ಶಬ್ದ, ಆದರೆ ಅದು ಸೂಚಿಸುವ ಭಾವವು ಹಳೆಯದು. ಸಂಸ್ಕೃತ ಲಾಕ್ಷಣಿಕರು ಅದಕ್ಕೆ ‘ಪ್ರತಿಭೆ’ಯೆಂದು ಹೆಸರಿಟ್ಟರು. ಅಭಿನವಗುಪ್ತನ ಗುರುವಾದ ಭಟ್ಟತೌತನು ಪ್ರತಿಭೆಯನ್ನು ಕ್ಷಣಕ್ಷಣಕ್ಕೂ ಹೊಸತಾಗಿ ಅರಳುವ ಪ್ರಜ್ಞೆಯೆಂದು ವಿವರಿಸಿದನು. ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಅದನ್ನು ಎರಡಾಗಿ ವಿಂಗಡಿಸಿದನು: ರಚಿಸುವವನ ಪ್ರತಿಭೆ ಕಾರಯಿತ್ರೀ, ಆಸ್ವಾದಿಸುವವನ ಪ್ರತಿಭೆ ಭಾವಯಿತ್ರೀ. ಈ ವಿಭಾಗವು ಶಿಕ್ಷಕರಿಗೆ ಬಹು ಬೆಲೆಯುಳ್ಳದ್ದು. ಕಥೆಯನ್ನು ಹೇಳುವ ಬಾಲಕನಂತೆ, ಕೇಳಿ ಮೈಮರೆಯುವ ಬಾಲಕನೂ ಒಂದು ಸೃಷ್ಟಿಕಾರ್ಯದಲ್ಲಿ ತೊಡಗಿರುತ್ತಾನೆಂಬುದು ಇದರಿಂದ ವಿದಿತವಾಗುತ್ತದೆ.

ದಂಡಿಯು ಕಾವ್ಯಕ್ಕೆ ಮೂರು ಕಾರಣಗಳನ್ನು ಹೇಳಿದ್ದಾನೆ: ಸಹಜವಾದ ಪ್ರತಿಭೆ, ನಿರ್ಮಲವಾದ ಬಹುಶ್ರುತತೆ, ಬಿಡದ ಅಭ್ಯಾಸ. ಅಲ್ಲಿಗೇ ನಿಲ್ಲದೆ, ಹುಟ್ಟಿನಿಂದ ಬಂದ ಪ್ರತಿಭೆಯಿಲ್ಲದವನು ಸಹ ಓದು ಹಾಗೂ ಪ್ರಯತ್ನಗಳಿಂದ ವಾಗ್ದೇವಿಯನ್ನು ಸೇವಿಸಿದರೆ ಅವಳು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುವಳೆಂದು ಆತನು ಭರವಸೆ ಕೊಡುತ್ತಾನೆ. ಸೃಜನಶಕ್ತಿಯು ಕೇವಲ ದೈವದತ್ತವೆಂಬ ವಾದಕ್ಕೆ ನಮ್ಮ ಪರಂಪರೆಯೇ ಕೊಟ್ಟ ಉತ್ತರವಿದು.

ಕನ್ನಡದ ದೇಸಿಯ ಕಡೆಗೆ ತಿರುಗಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನಮ್ಮಲ್ಲಿ ಮನೆಯನ್ನು ಕಟ್ಟುತ್ತಾರೆ, ಕೆರೆಯನ್ನು ಕಟ್ಟುತ್ತಾರೆ, ಹೂವನ್ನು ಕಟ್ಟುತ್ತಾರೆ, ಹಾಡನ್ನು ಕಟ್ಟುತ್ತಾರೆ, ಕಥೆಯನ್ನೂ ಕಟ್ಟುತ್ತಾರೆ. ಒಕ್ಕಲಿಗನ, ಗೌಂಡಿಯ, ಮಾಲೆಗಾರನ, ಗರತಿಯ, ಕವಿಯ ಕೆಲಸಗಳನ್ನೆಲ್ಲ ಒಂದೇ ಕ್ರಿಯಾಪದವು ಒಳಗೊಂಡಿದೆ. ಇರುವ ಸಾಮಗ್ರಿಯನ್ನು ಇಲ್ಲದ ರೀತಿಯಲ್ಲಿ ಹೊಂದಿಸಿ ಬಾಳಿಗೆ ಒದಗುವಂತೆ ನಿಲ್ಲಿಸುವುದೇ ‘ಕಟ್ಟುವುದು’. ಸೃಜನಶಕ್ತಿಗೆ ಇದಕ್ಕಿಂತ ಸರಳವಾದ ಲಕ್ಷಣವಾಕ್ಯವನ್ನು ನಾವು ಹುಡುಕಬೇಕಾಗಿಲ್ಲ. ಅದು ಕಲೆಗಳಿಗೆ ಮಾತ್ರ ಸೀಮಿತವಲ್ಲವೆಂಬುದೂ ಈ ಮಾತಿನಲ್ಲಿಯೇ ಅಡಗಿದೆ.

2. ಪುಲಿಗೆರೆಯ ಸಾಕ್ಷ್ಯ

ರಾಷ್ಟ್ರಕೂಟ ನೃಪತುಂಗ ಅಮೋಘವರ್ಷನ ಆಳ್ವಿಕೆಯಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ರಚಿತವಾದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಗುರುತಿಸಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳೆಂದು ಹೇಳುತ್ತದೆ. ಇದು ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತವಾದ ವಿಷಯ. ಅದೇ ಸಂದರ್ಭದಲ್ಲಿ ಗ್ರಂಥಕಾರನು ಆಡುವ ಇನ್ನೆರಡು ಮಾತುಗಳು ಶಿಕ್ಷಣದ ದೃಷ್ಟಿಯಿಂದ ಮಹತ್ತರವಾದವು. ಈ ನಾಡವರು ಉದ್ದೇಶಪೂರ್ವಕವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತಮತಿಗಳು ಎಂಬುದು ಮೊದಲನೆಯದು. ಕಲಿತವರಷ್ಟೇ ಅಲ್ಲ, ಉಳಿದವರೂ ತಂತಮ್ಮ ನುಡಿಯಲ್ಲಿ ಜಾಣರೇ; ಸಣ್ಣ ಮಕ್ಕಳು, ಮೂಗರು ಸಹ ವಿವೇಕವನ್ನು ತಿಳಿಯಪಡಿಸಬಲ್ಲರು ಎಂಬುದು ಎರಡನೆಯದು.

ಇದರಲ್ಲಿ ಸ್ವದೇಶಪ್ರಶಂಸೆಯ ಉತ್ಪ್ರೇಕ್ಷೆಯಿದೆಯೆಂದು ಆಕ್ಷೇಪಿಸಬಹುದು, ಇರಲೂಬಹುದು. ಆದರೆ ರಾಜಸಭೆಯ ಆಶ್ರಯದಲ್ಲಿ, ಪಂಡಿತರಿಗಾಗಿ ಬರೆದ ಲಕ್ಷಣಗ್ರಂಥವೊಂದು ಕವಿತ್ವವನ್ನು ಪಂಡಿತರ ಸೊತ್ತೆಂದು ಹೇಳದೆ ಎಳೆಯ ಮಕ್ಕಳವರೆಗೂ ಹಂಚಿಕೊಟ್ಟಿತೆಂಬುದು ಚಾರಿತ್ರಿಕ ಸತ್ಯ. ‘ತಂತಮ್ಮ ನುಡಿಯಲ್ಲಿ’ ಎಂಬ ವಿಶೇಷಣವನ್ನು ನಾವು ಮರೆಯಲಾಗದು. ತನ್ನ ನುಡಿಯಲ್ಲಿ ಜಾಣನಾದ ಮಗುವು ತನ್ನದಲ್ಲದ ನುಡಿಯ ತರಗತಿಯಲ್ಲಿ ಮೂಗನಾಗಿ ಕುಳಿತಿರುವುದನ್ನು ಇಂದು ನಾವು ನಿತ್ಯವೂ ಕಾಣುತ್ತಿದ್ದೇವೆ. ಮೂಗರೂ ಮಾತನಾಡಬಲ್ಲರೆಂದ ನಾಡಿನಲ್ಲಿ ಮಾತನಾಡುವ ಮಕ್ಕಳನ್ನು ಮೂಗರನ್ನಾಗಿಸುವ ಶಿಕ್ಷಣಕ್ರಮವು ಬೆಳೆದರೆ, ಅದು ಒಂದು ವಿಷಯದ ಅಂಕಗಳ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮಗುವಿನ ಆತ್ಮಗೌರವದ ಪ್ರಶ್ನೆಯಾಗುತ್ತದೆ.

ಕವಿರಾಜಮಾರ್ಗದ ತರುವಾಯ ಸುಮಾರು ತೊಂಬತ್ತು ವರ್ಷಗಳಿಗೆ, ಕ್ರಿ. ಶ. 941ರಲ್ಲಿ, ಪಂಪನು ತನ್ನ ಕಾವ್ಯಗಳನ್ನು ಪೂರೈಸಿದನು. ತನ್ನ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡನು. ಪಂಪನ ಮನೆತನವು ವೆಂಗಿನಾಡಿನದು. ಆತನ ತಮ್ಮ ಜಿನವಲ್ಲಭನು ಹಾಕಿಸಿದ ಕುರ್ಕ್ಯಾಲದ ತ್ರಿಭಾಷಾ ಶಾಸನದಿಂದ, ಇವರ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿದುಬರುತ್ತದೆ. ಅಣ್ಣಿಗೇರಿಯು ಲಕ್ಷ್ಮೇಶ್ವರಕ್ಕೆ ಬಹುದೂರದ ಊರಲ್ಲ. ಆದುದರಿಂದ ಪುಲಿಗೆರೆಯ ಕನ್ನಡವು ಆದಿಕವಿಗೆ ತಾಯಿಯ ತವರಿನ ನುಡಿಯಾಗಿ, ಎಳವೆಯಲ್ಲಿಯೇ ಕಿವಿಗೆ ಬಿದ್ದಿತೆಂದು ಊಹಿಸಲು ಅವಕಾಶವಿದೆ.

ಪಂಪನ ಕಾವ್ಯವು ಸೃಜನಶಕ್ತಿಯ ಸ್ವರೂಪವನ್ನು ತಿಳಿಯಲು ಒಳ್ಳೆಯ ನಿದರ್ಶನ. ‘ವಿಕ್ರಮಾರ್ಜುನ ವಿಜಯ’ದ ಕಥೆ ಅವನದಲ್ಲ, ವ್ಯಾಸರದು. ಆದರೆ ತನ್ನ ಆಶ್ರಯದಾತನಾದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿ, ಹಳೆಯ ಕಥೆಯ ಕೀಲುಗಳನ್ನೇ ಅವನು ಬದಲಿಸಿದನು. ಶೂನ್ಯದಿಂದ ಯಾವ ಸೃಷ್ಟಿಯೂ ಆಗುವುದಿಲ್ಲ. ಬಂದುದನ್ನು ಅರಗಿಸಿಕೊಂಡವನೇ ಬಾರದುದನ್ನು ತರಬಲ್ಲನು. ಭಾರತವನ್ನು ಆರು ತಿಂಗಳಲ್ಲಿಯೂ ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ಮುಗಿಸಿದೆನೆಂದು ಪಂಪನು ಹೇಳಿಕೊಂಡಿದ್ದಾನೆ. ಆಗ ಆತನಿಗೆ ನಲವತ್ತರ ಸಮೀಪದ ವಯಸ್ಸು. ಆ ಕೆಲವು ತಿಂಗಳುಗಳ ಹಿಂದೆ ದಶಕಗಳ ಶ್ರವಣ ಹಾಗೂ ಅಭ್ಯಾಸಗಳಿದ್ದುವೆಂಬುದನ್ನು ಮರೆತು, ಕೊನೆಯ ವೇಗವನ್ನಷ್ಟೇ ನೋಡುವವರು ಪ್ರತಿಭೆಯನ್ನು ಪವಾಡವೆಂದು ಕರೆಯುತ್ತಾರೆ. ಆಂಗ್ಲ ವಿದ್ವಾಂಸ ಗ್ರಹಾಂ ವಾಲಸ್‌ನು 1926ರಲ್ಲಿ ಸೃಷ್ಟಿಕಾರ್ಯಕ್ಕೆ ಸಿದ್ಧತೆ, ಒಳಗೇ ಕಾವು ಕೂಡುವಿಕೆ, ಹೊಳಹು, ಪರಿಶೀಲನೆ ಎಂಬ ನಾಲ್ಕು ಹಂತಗಳನ್ನು ಹೇಳಿದನು. ಮೊದಲೆರಡು ಹಂತಗಳು ಹೊರಗೆ ಕಾಣಿಸವು, ಪರೀಕ್ಷೆಗಳಿಗೂ ಸಿಕ್ಕವು.

3. ಆಶ್ರಯವೆಂಬ ನಾಲ್ಕನೆಯ ಕಾರಣ

ದಂಡಿಯ ಮೂರು ಕಾರಣಗಳಿಗೆ ಇತಿಹಾಸವು ನಾಲ್ಕನೆಯದನ್ನು ಸೇರಿಸುತ್ತದೆ. ಅದು ಆಶ್ರಯ. ಪಂಪನಿಗೆ ಅರಿಕೇಸರಿಯಿದ್ದನು. ಅರಸರಿಲ್ಲದ ಕಾಲದಲ್ಲಿ, ಅದೂ ಬಡ ಮಕ್ಕಳಿಗೆ, ಆಶ್ರಯವನ್ನು ಕೊಡುವವರು ಯಾರು? ಈ ಪ್ರಶ್ನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವು ಪ್ರತ್ಯಕ್ಷವಾದ ಉತ್ತರವಾಗಿದೆ.

ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಇಂದಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾಗಿ ಜನಿಸಿದರು. ಅಂಥ ಮಗುವಿನ ಪಾಲಿಗೆ ಭಿಕ್ಷೆಯ ಹೊರತು ಬೇರೆ ದಾರಿಯನ್ನು ಆ ಕಾಲದ ಸಮಾಜವು ತೆರೆದಿಟ್ಟಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಈ ಬಾಲಕನ ಕಂಠದಲ್ಲಿದ್ದುದನ್ನು ಗುರುತಿಸಿ, ಅನ್ನವನ್ನೂ ವಿದ್ಯೆಯನ್ನೂ ಒದಗಿಸಿದರು. ಬಾಲಕನು ಬೆಳೆದು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತನಾದನು. ತನಗೆ ದೊರೆತುದನ್ನು ಅಂಧ, ಅನಾಥ, ಬಡ ಮಕ್ಕಳಿಗೆ ಹಿಂದಿರುಗಿಸುವುದಕ್ಕೆ ಬಾಳನ್ನು ಮುಡಿಪಾಗಿಟ್ಟನು. ಗುರುವಿನ ತರುವಾಯ ಆಶ್ರಮದ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳು (1914–2010) ಸಹ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಅವರು ಹಲವು ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥರಚನೆ ಮಾಡಿದರು. ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿಯನ್ನು ನಡೆಸಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಈ ಪರಂಪರೆಯ ಫಲಗಳು. ಬಳ್ಳಾರಿ ಸೀಮೆಯ ತೊಗಲುಗೊಂಬೆ ಕಲಾವಿದರ ಮನೆಯಲ್ಲಿ 1953ರಲ್ಲಿ ಜನಿಸಿದ ಎಂ. ವೆಂಕಟೇಶಕುಮಾರರು ಬಾಲ್ಯದಲ್ಲಿ ಇಲ್ಲಿಗೆ ಬಂದು ಹನ್ನೆರಡು ವರ್ಷಗಳ ಕಾಲ ಕಲಿತರು.

ಪುಣ್ಯಾಶ್ರಮದ ಶಿಕ್ಷಣವು ಗುರುಶಿಷ್ಯಪದ್ಧತಿಯದು. ಶಿಷ್ಯನು ಗುರುವಿನ ಸ್ವರವನ್ನು ವರ್ಷಗಟ್ಟಲೆ ಅನುಕರಿಸುತ್ತಾನೆ. ಒಂದೇ ಪಲುಕನ್ನು ನೂರು ಸಲ ತಿರುಗಿ ಹಾಡುತ್ತಾನೆ. ಅನುಕರಣೆ, ಪುನರಾವೃತ್ತಿಗಳು ಸೃಜನಶಕ್ತಿಯ ಶತ್ರುಗಳೆಂದು ಸಾರುವ ನವೀನ ಮತಕ್ಕೆ ಇದು ವಿರುದ್ಧವಾಗಿ ಕಾಣುವುದು. ಆದರೆ ರಾಗವಿಸ್ತಾರವೆಂಬುದು ಪ್ರತಿಯೊಂದು ಸಲವೂ ಹೊಸತಾಗಿ ಕಟ್ಟತಕ್ಕದ್ದು; ಆ ಸ್ವಾತಂತ್ರ್ಯವೇ ಈ ಅಭ್ಯಾಸದ ಗುರಿ. ಬಾಯಿಪಾಠದಿಂದ ಮಗುವಿನ ಶಕ್ತಿಯು ಕುಗ್ಗುವುದಿಲ್ಲ. ಬಾಯಿಪಾಠದ ಆಚೆಗೆ ಏನೂ ಇಲ್ಲವೆಂಬ ತಿಳಿವಳಿಕೆಯಿಂದ ಕುಗ್ಗುತ್ತದೆ. ಮಗ್ಗಿಯನ್ನು ಕಲಿಸಬೇಕೋ ಬೇಡವೋ ಎಂಬ ವಾದಕ್ಕಿಂತ, ಮಗ್ಗಿಯನ್ನು ಕಲಿತ ಮಗುವು ಅದರಿಂದ ಏನನ್ನು ಕಟ್ಟುತ್ತದೆಂಬ ಪ್ರಶ್ನೆಯೇ ಮುಖ್ಯವಾದುದು.

ಆಶ್ರಯವು ತಕ್ಕ ಸಮಯಕ್ಕೆ ದೊರೆಯದಿದ್ದರೆ ಮಗುವು ಅದನ್ನು ತಾನೇ ಅರಸಿಕೊಂಡು ಹೊರಡುತ್ತದೆ. ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು (1922–2011) ಬಾಲ್ಯದಲ್ಲಿ ಭಜನೆ ಮೇಳ, ಬ್ಯಾಂಡುಗಳ ಬೆನ್ನುಹತ್ತಿ ಹೋಗಿ ದಾರಿತಪ್ಪುತ್ತಿದ್ದರೆಂದೂ, ಶಿಕ್ಷಕರಾಗಿದ್ದ ತಂದೆಯವರು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ನೆಂದು ಬರೆಯಿಸಿದ್ದರೆಂದೂ ಹೇಳುತ್ತಾರೆ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಆ ಬಾಲಕನು ಗುರುವನ್ನು ಹುಡುಕಿಕೊಂಡು ಮನೆಯನ್ನು ಬಿಟ್ಟನು. ಉತ್ತರ ಭಾರತವನ್ನು ಸುತ್ತಿ ಬಂದ ಮೇಲೆ, 1936ರಲ್ಲಿ, ಅವನಿಗೆ ಗುರುವಾಗಿ ದೊರೆತವರು ಕುಂದಗೋಳದ ಸವಾಯಿ ಗಂಧರ್ವರು. ಕುಂದಗೋಳವು ಲಕ್ಷ್ಮೇಶ್ವರದ ನೆರೆಯಲ್ಲಿಯೇ ಇದೆ. ಈ ಕಥೆಯನ್ನು ನಾವು ಸಾಹಸಕಥೆಯಂತೆ ಹೇಳಿ ಸಂತೋಷಪಡುತ್ತೇವೆ. ಆದರೆ ಹೀಗೆ ಹೊರಟು ಎಲ್ಲಿಯೂ ತಲುಪದೆ ಹೋದ ಮಕ್ಕಳ ಹೆಸರುಗಳನ್ನು ಇತಿಹಾಸವು ಬರೆದಿಟ್ಟಿಲ್ಲ. ಮನೆಯನ್ನು ಬಿಡಬೇಕಾದ ಅವಶ್ಯಕತೆಯೇ ಮಗುವಿಗೆ ಬಾರದಂತೆ ಮಾಡುವುದು ಶಿಕ್ಷಣಸಂಸ್ಥೆಗಳ ಕರ್ತವ್ಯವಾಗಿದೆ.

4. ಮನಶ್ಶಾಸ್ತ್ರವು ಹೇಳುವುದೇನು?

ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್ಫರ್ಡನು 1950ರಲ್ಲಿ ಅಲ್ಲಿಯ ಮನಶ್ಶಾಸ್ತ್ರ ಸಂಘದ ಅಧ್ಯಕ್ಷಭಾಷಣವನ್ನು ಸೃಜನಶೀಲತೆಯ ವಿಷಯಕ್ಕೆ ಮೀಸಲಿಟ್ಟನು. ಈ ಕ್ಷೇತ್ರದ ವ್ಯವಸ್ಥಿತ ಸಂಶೋಧನೆಗಳು ಅಲ್ಲಿಂದ ವೇಗವನ್ನು ಪಡೆದುವು. ಒಂದೇ ಸರಿಯುತ್ತರದ ಕಡೆಗೆ ಸಾಗುವ ಚಿಂತನೆಗೂ, ಒಂದು ಪ್ರಶ್ನೆಗೆ ಹಲವು ಉತ್ತರಗಳನ್ನು ಕಾಣುವ ಕವಲುಚಿಂತನೆಗೂ ಇರುವ ಭೇದವನ್ನು ಆತನು ಸ್ಪಷ್ಟಪಡಿಸಿದನು. ಟಾರೆನ್ಸನು 1966ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಈ ಎರಡನೆಯ ಶಕ್ತಿಯನ್ನು ಅಳೆಯಲು ಯತ್ನಿಸಿದುವು. ನಾಲ್ಕನೆಯ ತರಗತಿಯ ವೇಳೆಗೆ ಹಲವು ಮಕ್ಕಳಲ್ಲಿ ಈ ಶಕ್ತಿಯು ಇಳಿಮುಖವಾಗುವುದನ್ನು ಆತನು ಗಮನಿಸಿದನು. ಎಲ್ಲ ನಾಡುಗಳಲ್ಲಿಯೂ ಹೀಗೆಯೇ ಆಗುವುದೆಂದು ಸಿದ್ಧವಾಗಿಲ್ಲವಾದರೂ, ಶಾಲೆಗೆ ಬರುವಾಗ ಪ್ರಶ್ನೆಗಳನ್ನು ಹೊತ್ತುತಂದ ಮಗುವು ಕೆಲವು ವರ್ಷಗಳಲ್ಲಿ ಉತ್ತರಗಳನ್ನಷ್ಟೇ ಹೊತ್ತುಕೊಂಡು ಹೋಗುವುದನ್ನು ಶಿಕ್ಷಕರೆಲ್ಲರೂ ಬಲ್ಲರು.

ಇನ್ನೊಂದು ಪ್ರಯೋಗವು ನಮ್ಮ ಬಹುಮಾನಪ್ರಿಯ ಶಾಲೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ವಿದ್ವಾಂಸರು, ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ ಎಳೆಯ ಮಕ್ಕಳನ್ನು ಮೂರು ಗುಂಪುಗಳನ್ನಾಗಿ ಮಾಡಿದರು. ಒಂದು ಗುಂಪಿಗೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬರೆಸಿದರು. ಇನ್ನೊಂದಕ್ಕೆ ಹೇಳದೆ ಬರೆಸಿ ಆಮೇಲೆ ಕೊಟ್ಟರು. ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳ ತರುವಾಯ ಬಿಡುವಿನ ವೇಳೆಯಲ್ಲಿ ನೋಡಿದಾಗ, ಪ್ರಶಸ್ತಿಗಾಗಿ ಬರೆದ ಮಕ್ಕಳ ಆಸಕ್ತಿಯೇ ಉಳಿದೆರಡು ಗುಂಪುಗಳವರಿಗಿಂತ ಕಡಮೆಯಾಗಿದ್ದಿತು. ಆಟವಾಗಿದ್ದುದು ಕೂಲಿಯಾಯಿತು, ಕೂಲಿ ನಿಂತೊಡನೆ ಕೆಲಸವೂ ನಿಂತಿತು. ಮೆಚ್ಚುಗೆಯೇ ಬೇಡವೆಂದು ಇದರ ಅರ್ಥವಲ್ಲ, ಏಕೆಂದರೆ ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರಲ್ಲಿ ಆಸಕ್ತಿ ಕುಂದಲಿಲ್ಲ. ಬಹುಮಾನವನ್ನು ಮುಂದಿಟ್ಟು ಮಗುವನ್ನು ನಡೆಯಿಸುವುದೇ ಅಪಾಯಕರ.

5. ಶಾಲೆಯಲ್ಲಿ ಮಾಡತಕ್ಕದ್ದು

ಕನ್ನಡನಾಡಿನಲ್ಲಿ ಈ ದಿಶೆಯ ಪ್ರಯತ್ನಗಳು ನಡೆಯದೆ ಇಲ್ಲ. ಪಂಜೆ ಮಂಗೇಶರಾಯರು (1874–1937) ಮಕ್ಕಳ ಕಿವಿಗೆ ಒಪ್ಪುವ ಹಾಡು, ಕಥೆಗಳನ್ನು ರಚಿಸಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳ ಮೂಲಕ ಶಿಕ್ಷಣಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ವ್ಯಾಪಿಸಿ, ಪ್ರತಿಯೊಂದು ಮಗುವೂ ತನ್ನ ಗತಿಯಲ್ಲಿ ಕಲಿಯಬಹುದೆಂಬ ತತ್ತ್ವವನ್ನು ಮಾನ್ಯಮಾಡಿತು. ಆದರೆ ದೊಡ್ಡ ಯೋಜನೆಗಳನ್ನು ಕಾಯದೆ, ಲಕ್ಷ್ಮೇಶ್ವರದಂಥ ಊರಿನ ಶಿಕ್ಷಕನು ಕೈಗೊಳ್ಳಬಹುದಾದ ಕೆಲವು ಕಾರ್ಯಗಳನ್ನು ನಾವು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದಾಗಿ, ಊರೇ ಪಾಠಶಾಲೆಯಾಗಬೇಕು. ಸೋಮೇಶ್ವರ ದೇವಾಲಯಕ್ಕೆ ಮಕ್ಕಳನ್ನು ಕರೆದೊಯ್ದು, ಅದನ್ನು ಯಾರು ಯಾವಾಗ ಕಟ್ಟಿದರೆಂದು ಹೇಳಿ ಬರೆಯಿಸಿಕೊಳ್ಳುವುದು ಒಂದು ವಿಧಾನ. ಶಿವನು ಸಾಮಾನ್ಯವಾಗಿ ಲಿಂಗರೂಪದಲ್ಲಿರುವಾಗ ಇಲ್ಲಿ ಪಾರ್ವತಿಯೊಡನೆ ನಂದಿಯನ್ನೇರಿ ಕುಳಿತಿರುವುದೇಕೆ ಎಂದು ಮಕ್ಕಳೇ ಕೇಳುವಂತೆ ಸುಮ್ಮನೆ ನಿಲ್ಲಿಸುವುದು ಇನ್ನೊಂದು ವಿಧಾನ. ಆ ಪ್ರಶ್ನೆಯು ಹುಟ್ಟಿದ ಮೇಲೆ, ಸೌರಾಷ್ಟ್ರದಿಂದ ಸೋಮನಾಥನನ್ನು ತಂದ ಶಿವಭಕ್ತ ಆದಯ್ಯನ ಕಥೆಯನ್ನೂ, ಅದನ್ನು ಹರಿಹರ, ರಾಘವಾಂಕರು ಕಾವ್ಯವಾಗಿಸಿದುದನ್ನೂ ಹೇಳಿದರೆ ಅದು ನಾಟುತ್ತದೆ. ಕಥೆ ಯಾವುದು, ಚರಿತ್ರೆ ಯಾವುದು ಎಂಬ ಎರಡನೆಯ ಪ್ರಶ್ನೆಗೂ ಅಲ್ಲಿಂದಲೇ ದಾರಿಯಾಗುತ್ತದೆ. ಶಂಖಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿಗಳನ್ನೂ ಒಂದೇ ದಿನ ನೋಡುವ ಮಗುವು, ಮೂರು ಧರ್ಮಗಳ ಶಿಲ್ಪಿಗಳು ಕಲ್ಲಿನಿಂದ ಮೂರು ಬಗೆಯಾಗಿ ಹೇಗೆ ಕಟ್ಟಿದರೆಂದು ಹೋಲಿಸಲು ಕಲಿಯುತ್ತದೆ.

ಎರಡನೆಯದಾಗಿ, ಇತಿಹಾಸದ ಬೋಧನೆಯಲ್ಲಿಯೂ ರಚನೆಗೆ ಎಡೆಯಿರಬೇಕು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯ ಶಾಸನವು, ರಾಜಪುರುಷರ ಮತ್ತು ಪುರಜನರ ಹಕ್ಕು ಬಾಧ್ಯತೆಗಳನ್ನೂ, ಮನೆಗಳ ಅಂತಸ್ತಿಗೆ ತಕ್ಕ ತೆರಿಗೆಯನ್ನೂ ನಿರೂಪಿಸುತ್ತದೆ. ಅದರ ಸಾರವನ್ನು ತಿಳಿಸಿ, ತಮ್ಮ ಓಣಿಗೆ ಅಂಥದೊಂದು ಆಚಾರವ್ಯವಸ್ಥೆಯನ್ನು ಬರೆಯಿರೆಂದು ವಿದ್ಯಾರ್ಥಿಗಳಿಗೆ ಹೇಳಬಹುದು: ನಲ್ಲಿಯ ನೀರನ್ನು ಹೇಗೆ ಹಂಚಬೇಕು, ಕಸವನ್ನು ಯಾರು ತೆಗೆಯಬೇಕು, ತಪ್ಪಿದವರಿಗೆ ದಂಡವೇನು, ಬಡವನ ಪಾಲೆಷ್ಟು? ಇದು ಕಲೆಯಲ್ಲ, ಆದರೂ ಇದು ಅಪ್ಪಟ ಸೃಜನಕಾರ್ಯ. ಸಮಾಜವನ್ನು ಕಟ್ಟುವುದೂ ಕಟ್ಟುವುದೇ.

ಮೂರನೆಯದಾಗಿ, ಮಗುವಿನ ಕೈಯಲ್ಲಿರುವ ಕಲೆಯನ್ನು ಶಾಲೆಯು ಗೌರವಿಸಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಈ ಭಾಗದ ಮಕ್ಕಳು ಜಿಗುಟು ಮಣ್ಣಿನಿಂದ ಎತ್ತುಗಳನ್ನು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಹಾಡುತ್ತಾರೆ. ಒಂದು ಮನೆಯ ಎತ್ತಿನ ಕೋಡು ಇನ್ನೊಂದು ಮನೆಯ ಎತ್ತಿನ ಕೋಡಿನಂತಿರುವುದಿಲ್ಲ. ಪೇಟೆಯ ಅಚ್ಚಿನ ಎತ್ತುಗಳು ಎಲ್ಲವೂ ಒಂದೇ. ಮನೆಯಲ್ಲಿ ಎತ್ತನ್ನು ಮಾಡಿದ ಮಗುವಿಗೆ ಶಾಲೆಯಲ್ಲಿ ಹಲಗೆಯ ಮೇಲಿನ ಮಾವಿನಹಣ್ಣನ್ನು ಇದ್ದಂತೆಯೇ ತೆಗೆಯೆಂದು ಹೇಳಿದರೆ, ಅದಕ್ಕೆ ನಾವು ಕಲಿಸಿದ್ದಕ್ಕಿಂತ ಮರೆಸಿದ್ದೇ ಹೆಚ್ಚು.

ನಾಲ್ಕನೆಯದು ತಪ್ಪುವ ಸ್ವಾತಂತ್ರ್ಯ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ರಚಿಸಿದ ಕುಮಾರವ್ಯಾಸನು, ಹಲಗೆ ಬಳಪಗಳನ್ನು ಹಿಡಿಯದೆ, ಬರೆದುದನ್ನು ಅಳಿಸದೆ ಕಾವ್ಯವನ್ನು ಕಟ್ಟಿದ ಹಿರಿಮೆಯನ್ನು ಹೇಳಿಕೊಂಡನು. ಅದು ಮಹಾಕವಿಗೆ ಸಲ್ಲುವ ಮಾತು. ಮಗುವಿಗೆ ಹಲಗೆಯೂ ಬೇಕು, ಬಳಪವೂ ಬೇಕು, ಹೆದರದೆ ಒರಸುವ ಅರಿವೆಯೂ ಬೇಕು. ತಪ್ಪಿಗೆ ನಗೆಯೂ ಏಟೂ ಸಿದ್ಧವಾಗಿರುವಲ್ಲಿ ಹೊಸ ಮಾತನ್ನು ಆಡುವ ಧೈರ್ಯ ಯಾವ ಮಗುವಿಗೂ ಬಾರದು.

ಇವೆಲ್ಲವೂ ಕಾಲೇಜಿಗೆ ಸಂಬಂಧಿಸಿದುವಲ್ಲವೆಂದು ನಮ್ಮ ಸಹೋದ್ಯೋಗಿಗಳು ಹೇಳಬಹುದು. ಆದರೆ ನಾಳಿನ ಶಾಲಾಶಿಕ್ಷಕರು ಇಂದು ನಮ್ಮ ಎದುರಿನ ಬೆಂಚುಗಳ ಮೇಲೆ ಕುಳಿತಿದ್ದಾರೆ. ನಾವು ಟಿಪ್ಪಣಿಯನ್ನು ಬರೆಸಿ ಅದನ್ನೇ ಉತ್ತರಪತ್ರಿಕೆಯಲ್ಲಿ ಹಿಂದೆ ಪಡೆಯುವುದಾದರೆ, ಅವರು ಹಳ್ಳಿಯ ಶಾಲೆಯಲ್ಲಿ ಬೇರೆಯದನ್ನು ಮಾಡುವರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಸೃಜನಶಕ್ತಿಯು ಕಲೆಗಳಿಗಷ್ಟೇ ಸೀಮಿತವಲ್ಲ. ಇರುವುದರಿಂದ ಇಲ್ಲದುದನ್ನು ಕಟ್ಟುವ ಎಲ್ಲ ಕಾರ್ಯಗಳಲ್ಲಿಯೂ ಅದಿದೆ. ಅದು ಕೆಲವರ ಜನ್ಮಸಿದ್ಧ ಹಕ್ಕಲ್ಲ. ಶ್ರವಣ, ಅಭ್ಯಾಸ, ಆಶ್ರಯಗಳಿಂದ ಬೆಳೆಯುವಂಥದು. ಅದು ಹೊರಗಿನಿಂದ ಬಂದ ವಿಚಾರವಲ್ಲ. ಹನ್ನೊಂದು ಶತಮಾನಗಳಿಗೂ ಹಿಂದೆ ಕನ್ನಡವು ತನ್ನ ತಿರುಳನ್ನು ಗುರುತಿಸಿಕೊಂಡಾಗಲೇ ತನ್ನ ಮಕ್ಕಳ ಜಾಣ್ಮೆಯನ್ನೂ ಗುರುತಿಸಿಕೊಂಡಿತ್ತು. ಗ್ರಂಥಕಾರನು ಅಂದು ಕೊಟ್ಟ ಆ ಪ್ರಮಾಣಪತ್ರವು ಇಂದಿಗೂ ನಿಜವೋ ಅಲ್ಲವೋ ಎಂಬುದನ್ನು ಶಾಸನಗಳು ಹೇಳಲಾರವು. ಅದನ್ನು ನಮ್ಮ ತರಗತಿಗಳೇ ಹೇಳಬೇಕು.